ಕೊಬ್ಬರಿ ಕಾಟಾದ ಮೇಲೆ ಗುರುಸಿದ್ದಮ್ಮನ ಕಾಲು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ದೇವೀರಪ್ಪ ಮಂಡಿಯ ತೂಕದ ಕಾಟಾವನ್ನೇ ನಡುಮನೆಗೆ ಹೊರಿಸಿ ತಂದಾಗ ಅವನ ಹೆಂಡತಿ ಗುರುಸಿದ್ದಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಳೇಬೀಡಿನಲ್ಲಿ ಬಸ್ಸಿಳಿಯುವಾಗ ಜಾರಿ ಅವಳ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ರಾಡ್ ಕೂರಿಸಿ ತಿಂಗಳುಗಳಾದರೂ ಕೂಡುವ ಲಕ್ಷಣವಿಲ್ಲ. ಮುಂದಿನ ಎಕ್ಸ್‌ರೇಯಲ್ಲೂ ಹೀಗೇ ಇದ್ದರೆ ಇನ್ನೊಂದು ಆಪರೇಷನ್ ಎಂದಿದ್ದರು ಡಾಕ್ಟರು. ಅಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಕೂಡುವುದಾದರೂ ಹೇಗೆ? ನೋಡಲು ಬಂದ ನೆಂಟರೆಲ್ಲ ಕಾಲು ನೆಲಕ್ಕೆ ತಾಗಿಸಕೂಡದೆಂದು ಆಣೆ ಮಾಡಿಸಿಕೊಂಡು ಹೋಗಿದ್ದರು! ವ್ಯಾಯಾಮ ಮಾಡಿಸಲು ಬಂದ ಮೈದುನನ ಮಗಳು, ಫಿಸಿಯೋಥೆರಪಿ ಓದಿದ ಉಷಾರಾಣಿ, ಹಣೆ ಚಚ್ಚಿಕೊಂಡಳು.

"ದೊಡ್ಡಮ್ಮ, ಮೂಳೆ ಒಳಗೆ ಸ್ಟೆಮ್ ಸೆಲ್ ಅಂತ ಇರ್ತವೆ. ಏನಾಗ್ಬೇಕು ಅಂತ ಇನ್ನೂ ತೀರ್ಮಾನ ಮಾಡದ ಜೀವಕೋಶಗಳು. ಹದವಾಗಿ ಭಾರ ಹಾಕಿ ಬಿಟ್ಟು ಮಾಡ್ತಿದ್ರೆ ಮೂಳೆ ಆಗೋ ಕಡೆ ತಿರುಗ್ತವೆ. ಸುಮ್ನೆ ಮಲಗಿಸಿದ್ರೆ ಕೊಬ್ಬಾಗೋಕೆ ಹೊರಡ್ತವೆ. ಅದಕ್ಕೇ ಈ ಕಾಟಾ ತರಿಸಿದ್ದು, ಇದರ ಮೇಲೆ ಕಾಲಿಟ್ಟು ಇಪ್ಪತ್ತು ಕೆಜಿ ಬರೋವರೆಗೂ ಒತ್ತಿ."

"ಅಯ್ಯೋ, ಅವೂ ನನ್ನಂಗೇ ಸೋಮಾರಿಗಳು!"

ಕಂಬ ಹಿಡಿದು, ನೊಂದ ಕಾಲನ್ನು ಕಾಟಾದ ಮೇಲಿಟ್ಟಳು. ಆದರೆ ಭಾರ ಬಿಡಲಿಲ್ಲ. ಮತ್ತೆ ಮುರಿದರೆ?

"ಒತ್ತಿದ್ದೀನಿ ಕಣ್ರೀ," ಎಂದು ಸುಳ್ಳು ಹೇಳಿದಳು.

"ನನ್ನ ಕಾಟಾದ ಮೇಲೇ ಮೋಸಾನಾ? ನಾಕೇ ಕೆಜಿ ಐತೆ. ಅದ್ರಾಗೆ ಚೀಲದ ತೂಕ ಬೇರೆ ಕಳೀಬೇಕು."

"ಯಾವ ಚೀಲಾರೀ?"

"ನಿನ್ ಸೀರೆ ಕಣೇ!" ಎಂದವನೇ, ಮಂಡಿಯಲ್ಲಿ ತೂಕ ಕೂಗುವ ಅಭ್ಯಾಸವೋ ಏನೋ, ಬೀದಿಗೆಲ್ಲ ಕೇಳುವಂತೆ ಕೂಗಿದ: "ಗುರುಸಿದ್ದಮ್ಮ, ನಾಕು ಕೆಜಿ!"

ಮನೆಯ ಮುಂಭಾಗದ ಮಂಡಿಯಿಂದ ಗುಮಾಸ್ತ ಮರುಳಪ್ಪನ ದನಿ ಬಂತು: "ಒಂದ್ನೇ ದರ್ಜೆನಾ ಎರಡ್ನೇದಾ, ಯಜಮಾನ್ರೇ?"

ಗುರುಸಿದ್ದಮ್ಮ ಕಂಬ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ಬಗ್ಗಿದಳು, ಬಗ್ಗಿದವಳ ಭಾರವೆಲ್ಲ ಆ ಕಾಲಿನ ಕಡೆಗೇ ವಾಲಿತು.

"ದೊಡ್ಡಮ್ಮ, ಇಪ್ಪತ್ತು!" ಉಷಾರಾಣಿ ಕಿರುಚಿದಳು. ಮೂಳೆ ಮುರಿಯಲಿಲ್ಲ. ಅಷ್ಟೇನೂ ನೋಯಲೂ ಇಲ್ಲ.

ಆಮೇಲೆ ಅವಳನ್ನು ಕಾಟಾದಿಂದ ಇಳಿಸುವುದೇ ಕಷ್ಟವಾಯಿತು. ಬೆಳಗೂ ಸಂಜೆಯೂ ಒತ್ತಿದ್ದೇ ಒತ್ತಿದ್ದು. ನೆಂಟರು ಬಂದರೆ ಅವರೆದುರೇ ಒತ್ತಿ ತೋರಿಸುತ್ತಿದ್ದಳು.

ಎಕ್ಸ್‌ರೇ ದಿನ ಡಾಕ್ಟರು ಬಿರುಕಿನ ಸುತ್ತ ಬೆಳ್ಳಗೆ ಕಟ್ಟಿಕೊಂಡಿದ್ದ ಹೊಸ ಮೂಳೆಯನ್ನು ತೋರಿಸಿದರು. "ಆಪರೇಷನ್ ಬೇಡಮ್ಮ. ಇನ್ಮೇಲೆ ಪೂರ್ತಿ ಭಾರ ಹಾಕಿ ನಡೀರಿ."

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಇಷ್ಟು ದಿನ ತಮಾಷೆ ಮಾಡಿಕೊಂಡೇ ಇದ್ದ ದೇವೀರಪ್ಪ ಗೋಡೆಗೊರಗಿ ಗೊಳೋ ಎಂದು ಅಳತೊಡಗಿದ್ದ. ಇವರಿಗೂ ಇಷ್ಟು ಹೆದರಿಕೆಯಿತ್ತೇ! ಗುರುಸಿದ್ದಮ್ಮ ಊರುಗೋಲು ಪಕ್ಕಕ್ಕಿಟ್ಟು, ಎರಡೂ ಕಾಲೂರಿ ನಿಂತು, ಅವನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.

"ಪೂರ್ತಿ ಭಾರ ಬಿಟ್ಟು ಅಳ್ರೀ," ಎಂದಳು. "ಮೂಳೆಗೆ ಒಳ್ಳೇದು."