ಬಸಮ್ಮನ ಸೆರಗು

ಗಂಡಸಿ ಊರಲ್ಲಿ ಬಸಮ್ಮನ ಮನೆ ಎಲ್ಲಿ ಎಂದು ಆಂಬುಲೆನ್ಸ್ ಡ್ರೈವರ್ ಮಹಾಂತೇಶ್ ಯಾರನ್ನೂ ಕೇಳಬೇಕಾಗಿರಲಿಲ್ಲ. ಮಗಳು ಹೇಮಲತಾಗೆ ಫಿಟ್ಸ್ ಬಂದಾಗಲೆಲ್ಲ ಅರಸೀಕೆರೆಯ ತುರ್ತು ವಿಭಾಗಕ್ಕೆ ಓಟ. ಇಂಜೆಕ್ಷನ್, ಎಂದೋ ಯಾರೋ ಬರೆದುಕೊಟ್ಟಿದ್ದ ಅದೇ ಮಾತ್ರೆ, ಮನೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಸೈರನ್. ಬಸಮ್ಮನಿಗೆ ಸಾಕುಸಾಕಾಗಿತ್ತು.

ಕೊನೆಗೆ ಅಲ್ಲಿನ ಡಾಕ್ಟರೇ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಮೂರ್ಛೆರೋಗಕ್ಕೆಂದೇ ಒಂದು ವಾರ್ಡು. ಹೇಮಲತಾಳ ತಲೆತುಂಬ ವೈರು, ಎದುರು ಗೋಡೆಯಲ್ಲಿ ಎವೆಯಿಕ್ಕದ ಕ್ಯಾಮೆರಾ. ಸಾಲದ್ದಕ್ಕೆ, ಫಿಟ್ಸ್ ಬರಲಿ ಎಂದು ಮಾತ್ರೆಯನ್ನೇ ಕಡಿಮೆ ಮಾಡಿದರು! ಬಾರದಿರಲಿ ಎಂದು ಹರಕೆ ಹೊತ್ತ ತಾಯಿ ಈಗ ಬರಲಿ ಎಂದು ಕಾಯಬೇಕು. ಇದೆಂಥ ವೈದ್ಯವೋ ದೇವರೇ ಬಲ್ಲ.

ಬಂತು. ಹೆಣ್ಣುಮಗಳ ಪಾಡು ನಾಲ್ಕು ಜನರ ಕಣ್ಣಿಗೆ ಬೀಳಬಾರದೆಂದು ಊರಲ್ಲಿ ಮಾಡುತ್ತಿದ್ದುದನ್ನೇ ಬಸಮ್ಮ ಇಲ್ಲೂ ಮಾಡಿದಳು. ಮಗಳ ಮೇಲೆ ಬಾಗಿ ಸೆರಗು ಹೊದಿಸಿಬಿಟ್ಟಳು. ಆ ರಭಸಕ್ಕೆ ವೈರುಗಳು ಕಿತ್ತುಬಂದವು. ಕ್ಯಾಮೆರಾಕ್ಕೆ ಸಿಕ್ಕಿದ್ದು ಬಸಮ್ಮನ ಬೆನ್ನು ಮಾತ್ರ.

"ಮದ್ವೆ ಆಗ್ಬೇಕಾದ ಹೆಣ್ಮಗ ಕಣ್ರವ್ವಾ. ಯಾರ್ಗೂ ಕಾಣ್ಬಾರ್ದು ಅಂತ..." ಎಂದು ವಾರ್ಡಿನ ಡಾಕ್ಟರಮ್ಮನಿಗೆ ಗೋಗರೆದಳು.

"ನಮಗೂ ಕಾಣದಿದ್ರೆ ಯಾವ ಬಗೆ ಫಿಟ್ಸು ಅಂತ ಗೊತ್ತಾಗೋದು ಹೇಗಮ್ಮಾ? ಆಂಬುಲೆನ್ಸ್ ಓಡಾಟ ನಿಮಗೆ ತಪ್ಪೋದೇ ಇಲ್ಲ," ಎಂದರು ಡಾಕ್ಟರ್ ದರ್ಶಿನಿ.

ಮಾತು ಎದೆಗೆ ನಾಟಿತು.

ಮರುದಿನ ಬೆಳಿಗ್ಗೆ ಹೇಮಲತಾಳ ಕೈಯಲ್ಲಿದ್ದ ಕಾಫಿ ಲೋಟ ಹಾರಿಬಿತ್ತು. ಬಸಮ್ಮ ಗಂಟೆ ಒತ್ತಿದಳು, ಹೊದಿಕೆ ಎಳೆದು ಬಿಸಾಡಿದಳು, ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಮತ್ತೆ ಹೊದಿಸಲು ಚಾಚುವ ಕೈಯನ್ನು ತಡೆಯಲು ಸೆರಗನ್ನೇ ಸೊಂಟಕ್ಕೆ ಬಿಗಿದು ಕ್ಯಾಮೆರಾದ ಕಡೆ ಕೂಗಿದಳು: "ನೋಡ್ಕಳ್ಳಿ! ಚೆನ್ನಾಗಿ ನೋಡ್ಕಳ್ಳಿ!" ನರ್ಸುಗಳು ಓಡಿಬಂದು ಮಗಳನ್ನು ಮಗ್ಗುಲಿಗೆ ಹೊರಳಿಸುವಾಗ ಬಸಮ್ಮನ ಕಣ್ಣು ಕೋಡಿ ಬಿದ್ದಿತ್ತು.

ಈ ಸಲ ಎಲ್ಲವೂ ಸಿಕ್ಕಿತು. ಹೇಮಲತಾ ಇಷ್ಟು ವರ್ಷ ನುಂಗಿದ ಮಾತ್ರೆ ಅವಳ ಬಗೆಯ ಫಿಟ್ಸನ್ನು ಕೆರಳಿಸುವಂಥದ್ದು. ಡಾಕ್ಟರ್ ದರ್ಶಿನಿ ಅದನ್ನು ಬದಲಾಯಿಸಿದರು.

ದಸರಾ ಕಳೆದು ಯುಗಾದಿ ಬಂತು. ಒಂದು ಬೆಳಿಗ್ಗೆ ಸೈರನ್ ಇಲ್ಲದೆ ಆಂಬುಲೆನ್ಸು ಬಸಮ್ಮನ ಬಾಗಿಲಿಗೆ ಬಂದು ನಿಂತಿತು. ಬೀದಿಗೆ ಬೀದಿಯೇ ಓಡಿಬಂತು.

"ಅಕ್ಕಾ, ನಿಮ್ಮನೆಯಿಂದ ಫೋನೇ ಇಲ್ಲ. ಈ ಕಡೆ ಬಂದಿದ್ದೆ, ಎದೆ ಧಸಕ್ ಅಂತು. ಹೆಂಗವ್ಳೆ ಮಗ?" ಎಂದ ಮಹಾಂತೇಶ್.

ಹಿಂದೆಲ್ಲ ಮುಖಕ್ಕೆ ಸೆರಗು ಎಳೆದುಕೊಂಡು ಆ ವ್ಯಾನು ಹತ್ತುತ್ತಿದ್ದ ಬಸಮ್ಮ ಜಗಲಿಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಫಿಟ್ಸ್ ಕಾಯ್ಲೆ ಐತೆ ಕಣಪ್ಪಾ, ಸರಿಯಾದ ಮಾತ್ರೆನೂ ಐತೆ. ಮಗ ಗೆಳತೀರ ಜತೆ ಮಾಲೇಕಲ್ಲು ಬೆಟ್ಟ ಹತ್ತಕ್ಕೆ ಹೋಗವ್ಳೆ!"

ಎಳನೀರು ಕೊಚ್ಚಿ ಅವನ ಕೈಗಿಟ್ಟಳು. ಅವನು ಕುಡಿದು ಬಾಯಿ ಒರೆಸಿಕೊಂಡು ಗಾಡಿ ತಿರುಗಿಸಿದ. ಆಂಬುಲೆನ್ಸು ಆ ಮನೆಯಿಂದ ಮೊದಲ ಸಲ ಖಾಲಿ ಹೋಯಿತು.