ಎಂಟು ಗಂಟೆಯ ಹಾಜರಿ

‘ತಗೊಂಡೆ’ ಎಂದು ಬರೆದು ಕಳಿಸಿದ. ತೆಗೆದುಕೊಂಡಿರಲಿಲ್ಲ.

ಮೇಜಿನ ಮೇಲೆ ನೀರಿನ ಲೋಟವಿತ್ತು. ಪಕ್ಕದಲ್ಲಿ ಮಾತ್ರೆಯ ಸ್ಟ್ರಿಪ್. ಗೋಪಿನಾಥ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಹತ್ತು ಗುಳಿಗಳೂ ಒಡೆದಿದ್ದವು. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಿಡಿಭಾಗಗಳ ಅಳತೆ ಹಿಡಿದು ‘ಸರಿ’ ಎಂದೋ ‘ತಪ್ಪು’ ಎಂದೋ ಮುದ್ರೆ ಒತ್ತಿದವನು ಅವನು. ಒಮ್ಮೆ ನೋಡಿದ್ದನ್ನು ಇನ್ನೊಮ್ಮೆ ನೋಡುವುದು ಕೈಗೆ ಅಂಟಿದ ಅಭ್ಯಾಸ. ಇನ್ನೊಮ್ಮೆ ನೋಡಿದ. ಹತ್ತೂ ಒಡೆದಿದ್ದವು.

ಫೋನು ಸದ್ದು ಮಾಡತೊಡಗಿತು. ತಗೊಂಡೆ. ತಗೊಂಡೆ. ತಗೊಂಡೆ ಸಾರ್.

ಹೊಸೂರು, ಕೃಷ್ಣಗಿರಿ ಸುತ್ತಿನಲ್ಲಿ ಬೇರೆಯವರ ಕಿಡ್ನಿ ಹಾಕಿಸಿಕೊಂಡು ಬದುಕಿರುವವರ ಗುಂಪು ಅದು. ಹೊರಗಿನಿಂದ ಬಂದ ಕಿಡ್ನಿಯನ್ನು ಒಳಗಿನ ಮೈ ಎಂದೂ ಮನಸಾರೆ ಒಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮಾತ್ರೆ ನುಂಗಿ ಮೈಯ ಕಣ್ಣು ಕಟ್ಟಬೇಕು. ತಪ್ಪಿದರೆ ಅದು ಎಚ್ಚರಗೊಂಡು ಬಂದವನನ್ನು ಗುರುತು ಹಿಡಿಯುತ್ತದೆ. ಆದ್ದರಿಂದ ಗುಂಪಿನ ಪ್ರತಿಯೊಬ್ಬರೂ ನುಂಗಿದ ಕೂಡಲೇ ಒಂದು ಮಾತು ಬರೆದು ಕಳಿಸಬೇಕು. ಎಂಟೂಕಾಲಾದರೂ ಬರೆಯದವರಿಗೆ ಗೋಪಿನಾಥ್ ಫೋನು ಮಾಡುತ್ತಾನೆ. ಈ ಕಟ್ಟುಪಾಡು ಅವನದೇ. ಜವಳಗಿರಿ ಕಡೆಯ ವನಿತಾ ಅವನಿಗೆ ‘ಹಾಜರಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದಳು. ಎಲ್ಲರೂ ತಗೊಂಡೆ ಎಂದಷ್ಟೇ ಬರೆದರೆ ಅವಳು, ತಗೊಂಡೆ ಮೇಷ್ಟ್ರೇ, ಹಾಜರ್, ಎಂದು ಬರೆಯುತ್ತಿದ್ದಳು.

ಎಂಟು ಗಂಟೆ ಎರಡು ನಿಮಿಷಕ್ಕೆ ವನಿತಾಳ ನಂಬರಿನಿಂದ ಬಂತು: ತಗೊಂಡೆ.

ವನಿತಾ ಸತ್ತು ಇಂದಿಗೆ ಹನ್ನೊಂದನೆಯ ದಿನ.

ಕಳಿಸುವವನು ಅವಳ ಗಂಡ ಮಾದೇಶ್ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ. ಸತ್ತವರ ನಂಬರನ್ನು ಗುಂಪಿನಿಂದ ತೆಗೆಯುವುದು ಗೋಪಿನಾಥನ ಕೆಲಸ. ಈ ಕೊರೊನಾ ಕಾಯಿಲೆ ಬಂದ ಮೇಲೆ ಐದು ನಂಬರು ತೆಗೆದಿದ್ದ. ಆರನೆಯದರ ಮೇಲೆ ದಿನವೂ ಬೆರಳಿಡುತ್ತಿದ್ದ, ದಿನವೂ ಎತ್ತಿಕೊಳ್ಳುತ್ತಿದ್ದ.

ಗುಂಪಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಯಾರಾದರೂ ತೀರಿಕೊಂಡರೆ ಅವರ ಉಳಿದ ಮಾತ್ರೆಗಳು ಗುಂಪಿಗೆ ಬರಬೇಕು. ಮೂರನೆಯ ದಿನ ಗೋಪಿನಾಥ್ ಮನೆಯವರಿಗೆ ಫೋನು ಮಾಡಿ ತಗ್ಗಿದ ದನಿಯಲ್ಲಿ ಕೇಳುತ್ತಿದ್ದ. ಯಾರೂ ಇಲ್ಲವೆಂದಿರಲಿಲ್ಲ. ಬಂದದ್ದನ್ನು ಬೇಕಾದವರಿಗೆ ತಲುಪಿಸುತ್ತಿದ್ದ. ಮಾದೇಶನಿಗೆ ಮಾತ್ರ ಅವನು ಫೋನು ಮಾಡಿರಲಿಲ್ಲ.

ಮಾಡದಿರಲು ಕಾರಣ ಅವನ ಫೋನಿನಲ್ಲೇ ಇತ್ತು. ಮೇಲಕ್ಕೆ ಸರಿಸುತ್ತ ಹೋದರೆ ಸಿಗುತ್ತದೆ. ಅವನು ಸರಿಸಲಿಲ್ಲ, ಬಾಯಿಪಾಠವಾಗಿತ್ತು. ಮೇಷ್ಟ್ರೇ, ಎರಡು ದಿನದಿಂದ ಜ್ವರ, ಆಸ್ಪತ್ರೆಗೆ ಹೋಗ್ಲಾ, ಎಂದು ಅವಳು ಕೇಳಿದ್ದಳು. ಬೇಡಮ್ಮ, ಕಾಯಿಲೆ ಇರುವುದೇ ಅಲ್ಲಿ, ನಮ್ಮಂಥವರು ಅಲ್ಲಿಗೆ ಕಾಲಿಡಬಾರದು, ಇನ್ನೆರಡು ದಿನ ನೋಡಿ, ಎಂದು ಅವನು ಬರೆದಿದ್ದ. ಗುಂಪಿನಲ್ಲಿ ಎಲ್ಲರೂ ಆಸ್ಪತ್ರೆಗೆ ಹೆದರಿದವರೇ. ಹತ್ತೊಂಬತ್ತು ಜನ ಹೆಬ್ಬೆರಳು ಎತ್ತಿ ಒಪ್ಪಿದ್ದರು. ಅವಳು ನಾಲ್ಕು ದಿನ ನೋಡಿದಳು. ಐದನೆಯ ದಿನ ಕೃಷ್ಣಗಿರಿ ಮುಟ್ಟುವಷ್ಟರಲ್ಲಿ ಉಸಿರು ಅರ್ಧಕ್ಕೆ ಬಂದಿತ್ತು.

ಈಗ ಅವನ ಮಾತ್ರೆ ಮುಗಿದಿತ್ತು. ತರಿಸುತ್ತಿದ್ದ ಬೆಂಗಳೂರಿನ ಅಂಗಡಿ ಬಾಗಿಲು ಹಾಕಿ ಮೂರು ವಾರವಾಗಿತ್ತು, ಅಂಗಡಿಯವನೇ ಮಲಗಿದ್ದನಂತೆ. ಹೊಸೂರಿನಲ್ಲಿ ಕೇಳಿದರೆ ಮುಂದಿನ ವಾರ ಎನ್ನುತ್ತಿದ್ದರು. ಅವನು ಒಂದು ಹೊತ್ತು ಬಿಟ್ಟು ಒಂದು ಹೊತ್ತು ನುಂಗುತ್ತ ಹತ್ತು ದಿನ ಎಳೆದಿದ್ದ. ಗುಂಪಿಗೆ ಮಾತ್ರ ಎಂದಿನಂತೆ ಧೈರ್ಯ ಹೇಳುತ್ತಿದ್ದ. ಹಾಜರಿ ತೆಗೆದುಕೊಳ್ಳುವವನೇ ಗೈರಾದರೆ ಉಳಿದವರ ಗತಿ? ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜವಾಗಿ ನಾಚಿಕೆಯಾಗುತ್ತಿತ್ತು.

ವನಿತಾಳದೂ ಅವನದೂ ಒಂದೇ ಮಾತ್ರೆ, ಒಂದೇ ಪ್ರಮಾಣ. ಈ ಸಲದ ಲಾಕ್‌ಡೌನ್ ಆಗುವ ಮುಂಚೆ ಅವಳಿಗೆ ಎರಡು ತಿಂಗಳಿಗಾಗುವಷ್ಟು ತರಿಸಿಕೊಟ್ಟವನು ಅವನೇ. ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಹನ್ನೊಂದನೆಯ ದಿನ ಹೋದರೆ ಸಾವಿಗೆ ಮಾತಾಡಿಸಿದಂತೆಯೂ ಆಗುತ್ತದೆ, ಕೇಳಿದಂತೆಯೂ ಆಗುತ್ತದೆ. ಈ ಲೆಕ್ಕ ತನ್ನ ತಲೆಯಲ್ಲಿ ಇಷ್ಟು ಸಲೀಸಾಗಿ ಕೂತದ್ದನ್ನು ಕಂಡು ಅವನಿಗೆ ಅಸಹ್ಯವಾಯಿತು. ಆದರೂ ಶರ್ಟು ಬದಲಾಯಿಸಿದ.

ಹದಿನಾಲ್ಕು ತಿಂಗಳಿಂದ ಅವನು ಮತ್ತಿಗಿರಿಯ ತನ್ನ ಮನೆಯ ಗೇಟು ದಾಟಿರಲಿಲ್ಲ. ಸ್ವಂತ ಚಿಕ್ಕಪ್ಪ ತೀರಿಕೊಂಡಾಗಲೂ ಹೋಗಿರಲಿಲ್ಲ. ಹೆಂಡತಿ ಸುಧಾ ಬಾಗಿಲಿಗೆ ಅಡ್ಡ ನಿಂತಳು.

“ಮಾತ್ರೆ ತಗೊಂಡ್ರಾ?”

“ಹೂಂ.”

ಅವಳು ಬೇರೇನೂ ಕೇಳದೆ ಎರಡು ಮಾಸ್ಕು ತಂದುಕೊಟ್ಟಳು.

ಅವನೊಳಗಿನ ಕಿಡ್ನಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಸತ್ತ ಯಾರದೋ. ಹೆಸರು ಹೇಳುವ ಪದ್ಧತಿಯಿಲ್ಲ. ಆರು ವರ್ಷಗಳಿಂದ ಮಹಾಲಯ ಅಮಾವಾಸ್ಯೆಯಂದು ಸುಧಾ ಹಿರಿಯರ ಎಡೆಗಳ ಪಕ್ಕದಲ್ಲಿ ಆ ಹೆಸರಿಲ್ಲದವನಿಗೂ ಒಂದು ಎಲೆ ಹಾಕುತ್ತಿದ್ದಳು. ಮಹಡಿಯ ಮೇಲಿಟ್ಟರೆ ಕಾಗೆ ಮೊದಲು ಆ ಎಲೆಗೇ ಬಾಯಿ ಹಾಕುತ್ತಿತ್ತು. ನಿಮ್ಮೊಳಗಿರೋರಿಗೆ ಹಸಿವು ಜಾಸ್ತಿ ಕಣ್ರೀ, ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಆಮೇಲೆ ಬಹಳ ಹೊತ್ತು ಊಟ ಸೇರುತ್ತಿರಲಿಲ್ಲ.

ದಾರಿಯಲ್ಲಿ ತಳಿ ಊರಿನ ಬಳಿ ಪೊಲೀಸಿನವನು ಸ್ಕೂಟರಿಗೆ ಕೋಲು ಅಡ್ಡ ಹಿಡಿದು ತಮಿಳಿನಲ್ಲಿ ಎಲ್ಲಿಗೆಂದು ಕೇಳಿದ. ಗೋಪಿನಾಥ್ ಆಸ್ಪತ್ರೆಯ ಕಾರ್ಡು ತೋರಿಸಿದ. ಅವನು ಓದಿ, ಎರಡು ಹೆಜ್ಜೆ ಹಿಂದೆ ಸರಿದು, “ಪೋಂಗ ಸಾರ್, ಪೋಂಗ” ಎಂದ. ಹೋಗಿ ಎಂಬ ಆ ಮಾತಿನಲ್ಲಿ ಮರ್ಯಾದೆಯಿತ್ತು. ಹೆಣ ಸಾಗಿಸುವ ಗಾಡಿಗೆ ದಾರಿ ಬಿಡುವಾಗಲೂ ಅಷ್ಟೇ ಮರ್ಯಾದೆಯಿರುತ್ತದೆ.

ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ. ಮಾದೇಶ್, ಆದದ್ದು ಆಗಿಹೋಯಿತು, ದೇವರ ಇಚ್ಛೆ. ಹಾಗನ್ನುವುದು ಬೇಡ. ದೇವರ ಇಚ್ಛೆಯಲ್ಲ, ತಾನು ಬರೆದ ಒಂದು ಸಾಲು. ಗುಂಪಿನಲ್ಲಿ ಒಬ್ಬರಿಗೆ ತುಂಬ ಕಷ್ಟವಾಗಿದೆ. ಯಾರಿಗೆ ಎಂದರೆ? ಜವಳಗಿರಿಯ ಕಾಡು ಕಾಣುವಷ್ಟರಲ್ಲಿ ಒಂದು ವಾಕ್ಯವೂ ನಿಲ್ಲಲಿಲ್ಲ.

ಮಾದೇಶನ ಹೊಲದ ಮೂಲೆಯಲ್ಲಿ ಹತ್ತು ಹನ್ನೆರಡು ಜನ ದೂರ ದೂರ ಕೂತಿದ್ದರು. ಆ ಮನೆಯವರು ತಮ್ಮವರನ್ನು ತಮ್ಮ ಹೊಲದಲ್ಲೇ ಹೂಳುವವರು. ಮಾದೇಶನ ತಂದೆ, ಅಜ್ಜ ಅಲ್ಲೇ ಸಾಲಾಗಿ ಮಲಗಿದ್ದರು. ವನಿತಾಳನ್ನು ಮಾತ್ರ ಕೃಷ್ಣಗಿರಿಯಲ್ಲೇ ಸುಟ್ಟು ಒಂದು ಮಡಕೆ ಕೊಟ್ಟಿದ್ದರು. ಮಡಕೆಯನ್ನು ಹೂತು ಮೇಲೆ ಮಣ್ಣು ಏರಿಸಿದ್ದರು. ಗುಡ್ಡೆ ಮಗುವಿನದರಷ್ಟು ಚಿಕ್ಕದಾಗಿತ್ತು. ಅದರ ಮುಂದೆ ಬಾಳೆಲೆ, ಎಲೆಯ ಮೇಲೆ ಮುದ್ದೆ, ಹುರುಳಿ ಸಾರು, ಒಬ್ಬಟ್ಟು, ಹೋಳು ಮಾಡಿದ ಮಾವಿನಹಣ್ಣು. ಡಯಾಲಿಸಿಸ್ ನಡೆಯುತ್ತಿದ್ದ ಮೂರು ವರ್ಷ ಅವಳು ಮಾವು ಮುಟ್ಟುವ ಹಾಗಿರಲಿಲ್ಲ. ಹಣ್ಣಿನ ಕಾಲದಲ್ಲಿ ಗುಂಪಿಗೆ ಹಣ್ಣಿನ ಚಿತ್ರ ಕಳಿಸಿ, ಆಗೆಲ್ಲ ಕಣ್ಣಲ್ಲೇ ತಿಂತಿದ್ದೆ, ಎಂದು ಬರೆಯುತ್ತಿದ್ದಳು.

ಮಾದೇಶ್ ಎದ್ದು ಬಂದ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ನಾಲ್ಕು ವರ್ಷದ ಹಿಂದೆ ಹೆಂಡತಿಗೆ ತನ್ನದೊಂದು ಕಿಡ್ನಿ ಕೊಟ್ಟಿದ್ದ. ಆಗ ವನಿತಾ ಎಲ್ಲರಿಗೂ ಹೇಳಿದ್ದಳು, ಇನ್ನು ಈತ ನನಗೆ ಹೊಡೆಯೋ ಹಂಗಿಲ್ಲ, ಹೊಡೆದ್ರೆ ಈತಂಗೇ ನೋವಾಗ್ತದೆ, ಎಂದು. ತಲೆ ಬೋಳಿಸಿದ್ದ ಅವನನ್ನು ಗೋಪಿನಾಥ್ ಒಂದು ಕ್ಷಣ ಗುರುತಿಸಲಿಲ್ಲ.

“ಬಂದ್ರಾ ಸಾರ್. ನೀವು ಬರಾಕಿಲ್ಲ ಅಂದ್ಕೊಂಡಿದ್ದೆ.”

“ಬರಲೇಬೇಕಿತ್ತು.”

“ದೂರ ಕೂತ್ಕಳಿ. ನಿಮ್ಗೆ ಒಳ್ಳೇದಲ್ಲ.”

ಗೋಪಿನಾಥ್ ಕೂರಲಿಲ್ಲ.

“ಮಾದೇಶ್, ಆವತ್ತು ನಾನು ಬರೆದದ್ದು...”

“ಓದಿ ಹೇಳಿದ್ಲು ನಂಗೆ. ನಾನು ಗಾಡಿ ತರ್ತೀನಿ ಅಂದೆ. ಮೇಷ್ಟ್ರು ಬ್ಯಾಡ ಅಂದವ್ರೆ, ಸುಮ್ಕಿರು ಅಂದ್ಲು.” ಅವನ ದನಿಯಲ್ಲಿ ಏನೂ ಇರಲಿಲ್ಲ. “ನನ್ನ ಮಾತು ಒಂದೂ ಕೇಳ್ದೋಳಲ್ಲ ಸಾರ್. ನಿಮ್ಮ ಮಾತು ಮೀರ್ಲಿಲ್ಲ.”

ಗೋಪಿನಾಥ್ ಗುಡ್ಡೆಯ ಕಡೆ ನೋಡಿದ. ಮಾದೇಶನೂ ನೋಡಿದ. ಸೊಂಟದ ಬದಿ ಮುಟ್ಟಿಕೊಂಡು, ನಂದೂ ಒಂದು ಅದ್ರಲ್ಲಿ ಸುಟ್ಟೋಯ್ತು, ಎಂದು ಯಾರಿಗೂ ಅಲ್ಲದೆ ಹೇಳಿ ತಿರುಗಿ ಹೋದ.

ಕಾಗೆ ಬಂದಿರಲಿಲ್ಲ. ಬೆಳಿಗ್ಗೆಯಿಂದ ಕಾಯುತ್ತಿದ್ದರಂತೆ. ಕಾಗೆ ಮುಟ್ಟಿದ ಮೇಲೆ ಎಡೆಗೆ ಹಾಲು ತುಪ್ಪ ಬಿಟ್ಟು, ತಿರುಗಿ ನೋಡದೆ ಮನೆ ಸೇರಿ, ಆಮೇಲೇ ಎಲ್ಲರ ಊಟ. ಬಿಸಿಲು ನೆತ್ತಿಗೆ ಬಂದಿತ್ತು. ದೂರದ ಹೊಂಗೆಮರದಲ್ಲಿ ಎರಡು ಕಾಗೆ ಕೂತಿದ್ದವು, ಇಳಿಯಲೊಲ್ಲವು. ನೆಂಟರಲ್ಲಿ ಯಾರೋ ಹಸುವಿಗೆ ಕೊಟ್ಟು ಮುಗಿಸಿಬಿಡಿ ಎಂದರು. ಮಾದೇಶನ ತಾಯಿ ರಾಮಕ್ಕ ಒಪ್ಪಲಿಲ್ಲ. ಮುದುಕಿ ಗುಡ್ಡೆಯ ಪಕ್ಕದಲ್ಲೇ ಕಾಲು ಚಾಚಿ ಕೂತು ಸೊಸೆಯೊಡನೆ ಜಗಳವಾಡುವ ಹಾಗೆ ಮಾತಾಡುತ್ತಿದ್ದಳು. ಮಾವಿನಹಣ್ಣು ಮಡಗಿವ್ನಿ, ಒಬ್ಬಟ್ಟು ಮಡಗಿವ್ನಿ, ಇನ್ನೇನೇ ಬೇಕು ನಿಂಗೆ, ಬಾಯ್ಬಿಟ್ಟು ಹೇಳು. ಆಮೇಲೆ ಮಗನ ಕಡೆ ತಿರುಗಿದಳು.

“ಏನೋ ಮರ್ತಿದ್ದೀಯ ಕಣ್ಲಾ. ದಿನಾ ತಿಂತಿದ್ದಿದ್ದು ಏನೋ ಒಂದು ಬಿಟ್ಟೋಗದೆ.”

ಮಾದೇಶ್ ಎದ್ದು ಮನೆಯ ಕಡೆ ನಡೆದ. ಬಂದಾಗ ಕೈಯಲ್ಲಿ ಬಿಸ್ಕತ್ತಿನ ಡಬ್ಬಿಯಿತ್ತು.

ಗೋಪಿನಾಥನಿಗೆ ಡಬ್ಬಿ ತೆರೆಯುವ ಮೊದಲೇ ತಿಳಿಯಿತು.

ಮಾದೇಶ್ ಎಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೊದಲನೆಯ ಸ್ಟ್ರಿಪ್ ತೆಗೆದ. ಹೆಬ್ಬೆರಳಿನಿಂದ ಒತ್ತಿದ. ಟಪ್. ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣದ ಮಾತ್ರೆ ಮುದ್ದೆಯ ಪಕ್ಕಕ್ಕೆ ಬಿತ್ತು. ಟಪ್. ಇನ್ನೊಂದು. ಅವಸರವಿರಲಿಲ್ಲ. ಅವರೆಕಾಯಿ ಸುಲಿಯುವವರ ಹಾಗೆ ಒಂದೊಂದನ್ನೇ ಬಿಡಿಸುತ್ತಿದ್ದ. ಒಂದು ಸ್ಟ್ರಿಪ್ ಮುಗಿಯಿತು, ಎರಡನೆಯದು ತೆಗೆದ. ಅವಳು ಸತ್ತ ಮೇಲೆ ದಿನವೂ ಎರಡು ಹೊತ್ತು ಒಂದೊಂದನ್ನು ಫೋಟೋದ ಮುಂದೆ ಇಡುತ್ತಿದ್ದೆನೆಂದು, ಇಂದಿನದು ಇಲ್ಲಿಗೆ ತರಲು ಮರೆತೆನೆಂದು ತಾಯಿಗೆ ಹೇಳಿದ.

ಈಗ ಹೇಳಬೇಕು. ನಾಲ್ಕು ಮಾತು ಸಾಕು. ಮಾದೇಶ್, ನಿಲ್ಲಿಸು, ನನಗೆ ಬೇಕು. ಗೋಪಿನಾಥನ ನಾಲಿಗೆ ಎರಡು ಮಾಸ್ಕುಗಳ ಹಿಂದೆ ಹೊರಳಲಿಲ್ಲ. ಎಲೆಯ ಮೇಲೆ ಬೀಳುತ್ತಿದ್ದುದು ಅವನ ನಾಳೆ, ನಾಡಿದ್ದು. ಗುಂಪಿನ ಇನ್ನಾರದೋ ಜೂನ್ ತಿಂಗಳು. ಬಿದ್ದವುಗಳಲ್ಲಿ ಕೆಲವು ಉರುಳಿ ಸಾರಿಗೆ ತಾಗಿ ಆಗಲೇ ಮೆತ್ತಗಾಗುತ್ತಿದ್ದವು. ಕೊನೆಯ ಸ್ಟ್ರಿಪ್ ಆಯಿತು. ಮಾದೇಶ್ ಖಾಲಿ ಸ್ಟ್ರಿಪ್‌ಗಳನ್ನು ಮಡಿಸಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ.

ಎಲ್ಲರೂ ಹೊಂಗೆಮರದ ಕಡೆ ನೋಡಿದರು. ಒಂದು ಕಾಗೆ ರೆಕ್ಕೆ ಕೊಡವಿ ಅಲ್ಲೇ ಕೂತಿತು.

ಮಾದೇಶ್ ಹಾಲಿನ ಚೊಂಬು ಎತ್ತಿಕೊಂಡ. ಎತ್ತಿದವನು ತಾಯಿಯನ್ನು ನೋಡಲಿಲ್ಲ, ಮರವನ್ನು ನೋಡಲಿಲ್ಲ. ಗೋಪಿನಾಥನನ್ನು ನೋಡಿದ.

“ಹಾಲು ಬುಡ್ಲಾ ಸಾರ್?”

ಅವಳು ಕೇಳಿದ ಹಾಗೆಯೇ ಕೇಳಿದ. ಹೋಗ್ಲಾ ಮೇಷ್ಟ್ರೇ? ಅದರಲ್ಲಿ ಕೊಂಕಿತ್ತೋ, ಭಕ್ತಿಯಿತ್ತೋ, ಮನೆಗೆ ಬಂದ ಓದಿದವನಿಗೆ ತೋರಿಸುವ ಮರ್ಯಾದೆಯಿತ್ತೋ ತಿಳಿಯಲಿಲ್ಲ. ಚೊಂಬು ವಾಲಿತು.

ಗೋಪಿನಾಥ್ ಮುಂದೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಮಂಡಿ ನೆಲಕ್ಕೆ ತಾಗಿತು. ಎಡಗೈ ಮಾಸ್ಕುಗಳನ್ನು ಗದ್ದಕ್ಕೆ ಎಳೆಯಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಪರರ ಎದುರಿನಲ್ಲಿ ಅವನ ಬಾಯಿ ಗಾಳಿಗೆ ತೆರೆದಿತ್ತು. ಬಲಗೈ ಎಲೆಯ ಮೇಲಿಳಿದು ಒಂದು ಮಾತ್ರೆಯನ್ನು ಎತ್ತಿತು. ಅದಕ್ಕೆ ಮುದ್ದೆಯ ಚೂರು ಅಂಟಿತ್ತು. ಹಾಗೆಯೇ ಬಾಯಿಗೆ ಹಾಕಿ ನೀರಿಲ್ಲದೆ ನುಂಗಿದ.

ಸತ್ತವರ ಎಡೆಗೆ ಕಾಗೆಗಿಂತ ಮೊದಲು ಕೈ ಹಾಕಿದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಗೋಪಿನಾಥ್ ತಲೆ ತಗ್ಗಿಸಿ ಪೆಟ್ಟಿಗಾಗಿ ಕಾದ.

ರಾಮಕ್ಕ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಎರಡು ಕೈಗಳೂ ಮೆಲ್ಲಗೆ ಕೂಡಿದವು.

“ಮುಟ್ತು” ಎಂದಳು. “ಮುಟ್ತು ಬುಡ್ರಪ್ಪ. ಹಾಲು ಬುಡು ಕಣ್ಲಾ ಮಾದೇಶ.”

ಮಾದೇಶ್ ಚೊಂಬು ಬಗ್ಗಿಸಿದ. ಹಾಲು ಎಲೆಯ ತುಂಬ ಹರಿದು, ಮಾತ್ರೆಗಳನ್ನು ತೇಲಿಸಿಕೊಂಡು ಮಾವಿನ ಹೋಳುಗಳ ಸುತ್ತ ನಿಂತಿತು. ಮೇಲೆ ತುಪ್ಪ ಬಿಟ್ಟರು. ಒಬ್ಬೊಬ್ಬರಾಗಿ ಎದ್ದು, ಮಣ್ಣು ಕೊಡವಿಕೊಂಡು, ಗೋಪಿನಾಥನ ಕಡೆ ಒಂದು ಸಲ ಕೈ ಮುಗಿದು ಬೆನ್ನು ಮಾಡಿದರು. ಪದ್ಧತಿಯಂತೆ ಯಾರೂ ತಿರುಗಿ ನೋಡಲಿಲ್ಲ. ಊಟಕ್ಕೆ ಬನ್ನಿ ಎಂದು ಅವನನ್ನು ಯಾರೂ ಕರೆಯಲಿಲ್ಲ; ಎಡೆ ಮುಟ್ಟಿದ ಕಾಗೆಯನ್ನು ಊಟಕ್ಕೆ ಕರೆಯುವುದಿಲ್ಲ.

ಅವನು ಎಲೆಯ ಮುಂದೆ ಹಾಗೇ ಕೂತಿದ್ದ. ಹಾಲಿನಲ್ಲಿ ಮಾತ್ರೆಗಳು ಊದತೊಡಗಿದ್ದವು. ಕಿತ್ತಳೆ ಬಣ್ಣ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು. ಬದಿಯಲ್ಲಿದ್ದ ಹದಿನೈದು ಇಪ್ಪತ್ತು ಇನ್ನೂ ಗಟ್ಟಿಯಾಗಿದ್ದವು. ಈಗಲೇ ಕೈ ಹಾಕಿದರೆ ಸಿಕ್ಕುತ್ತವೆ.

ಜೇಬಿನಲ್ಲಿ ಫೋನು ಸದ್ದು ಮಾಡಿತು. ಎಂಟು ಗಂಟೆಯಲ್ಲ, ಮಧ್ಯಾಹ್ನ ಒಂದೂವರೆ. ವನಿತಾಳ ನಂಬರು.

ತಗೊಂಡೆ ಮೇಷ್ಟ್ರೇ, ಹಾಜರ್.

ತಲೆಯೆತ್ತಿದ. ಹೊಲದ ಬದುವಿನ ಮೇಲೆ ಸಾಗುತ್ತಿದ್ದ ಬೆನ್ನುಗಳಲ್ಲಿ ಮಾದೇಶನದು ಯಾವುದೆಂದು ಗೊತ್ತಾಗಲಿಲ್ಲ. ಹೊಂಗೆಮರದ ಕಾಗೆಗಳಲ್ಲಿ ಒಂದು ಯಾವಾಗಲೋ ಇಳಿದು ಬಂದು ಗುಡ್ಡೆಯ ಆ ಬದಿಗೆ ನಿಂತಿತ್ತು. ಅದು ಕತ್ತು ವಾರೆ ಮಾಡಿ ಎಲೆಯನ್ನು ನೋಡಿತು. ಅವನನ್ನು ನೋಡಿತು. ತನ್ನ ಸರದಿ ಬರಲೆಂದು ಎರಡು ಹೆಜ್ಜೆ ಹಿಂದೆ ಸರಿದು ಕಾದು ನಿಂತಿತು.