ಗೋಡೆಯಾಚೆಯ ರಿಮೋಟು

ನಿರ್ಮಲಾ ಗಂಡನ ಹಣೆಗೆ ವಿಭೂತಿ ಹಚ್ಚಲು ಕೈ ಚಾಚಿದ್ದಳು. ಅಷ್ಟರಲ್ಲಿ ಬೆಡ್‌ಶೀಟು ಹೊದಿಸಿಟ್ಟಿದ್ದ ಟಿವಿ ಒಮ್ಮೆಲೇ ಬಟ್ಟೆ ಸೋಪಿನ ಜಾಹೀರಾತು ಹಾಡತೊಡಗಿತು. ಭಜನೆಯವರ ತಾಳ ನಿಂತಿತು. ಗೋಡೆಗೊರಗಿಸಿ ಕೂರಿಸಿದ್ದ ಸೋಮಪ್ಪನೊಬ್ಬನೇ ಗಾಬರಿಯಾಗಲಿಲ್ಲ.

"ಯವ್ವಾ, ಜೀವ ಇನ್ನೂ ಮನ್ಯಾಗ ಐತಿ!" ಸೋಮಪ್ಪನ ಚಿಕ್ಕಮ್ಮ ಚೌಡವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಟಿವಿ ಮ್ಯಾಲ ಆಶಾ ಇತ್ತು ನೋಡು ಅವಂಗ."

"ಆಶಾನೂ ಇಲ್ಲ, ಆತ್ಮಾನೂ ಇಲ್ರಿ ಅತ್ತಿ. ರಿಮೋಟ್ ಒತ್ತಿದಾಂವ ಜೀವಂತ ಅದಾನ," ಎಂದಳು ನಿರ್ಮಲಾ.

ಎಲ್ಲರ ಕಣ್ಣೂ ಪಡಸಾಲೆಯ ನಡುವಿನ ಅರ್ಧಗೋಡೆಯತ್ತ ಹೋದವು. ಅದರಾಚೆಯೂ ಅದೇ ಸೋಪು ಹಾಡುತ್ತಿತ್ತು. ಅಲ್ಲಿರುವುದು ಸೋಮಪ್ಪನ ತಮ್ಮ ಮಾಲತೇಶ. ರಾಣೆಬೆನ್ನೂರಿನ ಈ ಮನೆ ಪಾಲಾದಾಗ, "ನಾ ಇರೂತನಕ ಗ್ವಾಡಿ ತೊಲಿಗೆ ಮುಟ್ಟಿಸಬ್ಯಾಡ್ರಿ" ಎಂದಿದ್ದಳು ತಾಯಿ. ಆಳೆತ್ತರಕ್ಕೆ ನಿಲ್ಲಿಸಿದರು. ತಾಯಿ ಹೋದ ಮೇಲೂ ಅದನ್ನು ಏರಿಸುವ ಮನಸ್ಸು ಇಬ್ಬರಿಗೂ ಬರಲಿಲ್ಲ.

ಬೆಳಗಿನಿಂದ ಊರೆಲ್ಲ ಬಂದಿತ್ತು, ಮಾಲತೇಶ ಬಂದಿರಲಿಲ್ಲ. ಮಕ್ಕಳಿಲ್ಲದ ಸೋಮಪ್ಪನಿಗೆ ಒಡಹುಟ್ಟಿದವನು ಅವನೊಬ್ಬನೇ. ಅವನು ಹೆಗಲು ಕೊಡದೆ ಹೆಣ ಎತ್ತುವಂತಿಲ್ಲ ಎಂದು ನಿರ್ಮಲಾ ಹಟ ಹಿಡಿದಿದ್ದಳು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಸೋಮಪ್ಪನ ಜೊತೆಗೆ ಮೆಣಸಿನಕಾಯಿ ಚೀಲ ಹೊತ್ತ ರಹಿಮಾನಸಾಬ ಕರೆಯಲು ಹೋಗಿ ಆಗಷ್ಟೇ ಮರಳಿದ್ದ.

"ಏನಂದಾ?" ಎಂದು ನಿರ್ಮಲಾ ಕೇಳಿದಳು.

"ಆಣಿ ಐತಂತ್ರಿ ವೈನಿ. ಹೊಸ್ತಿಲಾ ತುಳ್ಯಾಂಗಿಲ್ಲಂತ."

*

ಕೇಬಲ್ಲಿನ ಮುನಾಫ ಎರಡೂ ಮನೆಗೆ ಒಂದೇ ತರದ ಡಬ್ಬಿ, ಒಂದೇ ತರದ ರಿಮೋಟು ಕೊಟ್ಟು ಹೋಗಿದ್ದ. ಇಲ್ಲಿ ಒತ್ತಿದರೆ ಗೋಡೆಯ ಮೇಲಿಂದ ಹಾಯ್ದು ಅಲ್ಲಿಗೂ ತಾಗುತ್ತದೆ ಎಂದು ಆಗ ಯಾರಿಗೆ ಗೊತ್ತು? ಸೋಮಪ್ಪನಿಗಂತೂ ರಿಮೋಟೆಂಬುದೇ ಶನಿಕಾಟ. ಟಿವಿಗೊಂದು, ಡಬ್ಬಿಗೊಂದು. ಟಿವಿಯದನ್ನು ಮುಟ್ಟಿದರೆ ಪರದೆ ನೀಲಿಯಾಗಿ, ಅದನ್ನು ಸರಿಪಡಿಸಲು ಓಣಿಯವರೆಲ್ಲ ಬರಬೇಕು. ಬೇಸತ್ತು ಅದನ್ನು ಟ್ರಂಕಿಗೆ ಹಾಕಿ, ಟಿವಿ ಆರಿಸುವುದನ್ನೇ ಬಿಟ್ಟ. ಡಬ್ಬಿಯದೊಂದನ್ನೇ ಹಚ್ಚಿ ಆರಿಸುತ್ತಿದ್ದ.

ಅದೂ ತಾನೇ ತಾನಾಗಿ ಚಾನೆಲ್ಲು ಬದಲಿಸುತ್ತಿತ್ತು. ತೊಡೆಗೆ ಬಡಿದ, ಸೆಲ್ಲು ತೆಗೆದು ಹಲ್ಲಿನಿಂದ ಕಚ್ಚಿದ, ಹಪ್ಪಳದ ಜೊತೆಗೆ ಬಿಸಿಲಿಗೂ ಇಟ್ಟ. ಮೆಣಸಿನಕಾಯಿ ಘಾಟಿಗೆ ಒಮ್ಮೆಯೂ ಸೀನದ ಮನುಷ್ಯ ಅಂಗೈಯಗಲದ ರಿಮೋಟಿಗೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ.

ಒಂದು ಸಂಜೆ ಕ್ರಿಕೆಟ್ಟಿನ ಫೈನಲ್ಲು. ಕೊನೆಯ ಓವರಿನಲ್ಲಿ ಮಾಲತೇಶನ ಟಿವಿಯಲ್ಲಿ ಚೆಂಡು ಹೋಗಿ ಇಬ್ಬರು ಪೈಲ್ವಾನರು ಬಂದರು. ಅವನು ಸ್ಟೂಲು ಹತ್ತಿ ಗೋಡೆಯ ಮೇಲಿಂದ ಇಣುಕಿದ. ಅಣ್ಣನ ಟಿವಿಯಲ್ಲೂ ಕುಸ್ತಿ, ಕೈಯಲ್ಲಿ ರಿಮೋಟು.

"ಹೊಟ್ಟಿಕಿಚ್ಚಿಗೆ ಒತ್ತತೀ ಏನಣ್ಣಾ?"

"ನಾ ನನ್ನ ಡಬ್ಬಿಗೇ ಹಿಡದೇನೋ, ಮಾಲತೇಶ."

"ಸುಳ್ಳು ಹೇಳಬ್ಯಾಡ! ದೇವರಗುಡ್ಡದಪ್ಪನ ಆಣಿ, ಇನ್ನ ನಿನ್ನ ಹೊಸ್ತಿಲಾ ತುಳ್ಯಾಂಗಿಲ್ಲ!"

ಕ್ರಿಕೆಟ್ಟು ಬರೀ ನೆಪ. ಗಾಯ ಮನೆ ಪಾಲಾದಾಗಿನದು, ಕೀವು ಅವತ್ತು ಬಂತು.

*

ಸೋಪಿನ ಹಾಡು ಮುಗಿದು ವಾರ್ತೆ ಶುರುವಾಯಿತು. ನಿರ್ಮಲಾಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಕುರ್ಚಿ ಎಳೆದು, ಹತ್ತಿ, ಗೋಡೆಯಾಚೆ ನೋಡಿದಳು. ಮಾಲತೇಶ ನೆಲದ ಮೇಲೆ ಕುಕ್ಕರಿಸಿದ್ದ. ಕಣ್ಣು ಕೆಂಪಗಾಗಿದ್ದವು.

"ಆರಿಸು ಅದನ್ನ."

ಅವನು ಒತ್ತಿದ. ಎರಡೂ ಟಿವಿ ಒಟ್ಟಿಗೇ ಬಾಯಿ ಮುಚ್ಚಿದವು. ಮಾಲತೇಶ ಕತ್ತೆತ್ತಿ ಗೋಡೆ ನೋಡಿದ.

"ನಿಮ್ಮದೂ ಹತ್ತಿತ್ತಾ ವೈನಿ? ಖರೇ ಹೇಳತೇನಿ, ನಾ ನನ್ನ ಡಬ್ಬಿಗೇ ಹಿಡದಿದ್ದೆ. ಅಣ್ಣನ ಭಜನಿ ಕೇಳಾಕ ಆಗ್ಲಿಲ್ಲ, ಅದಕ್ಕ ಒತ್ತಿದೆ. ಬೇಕಂತ..."

"ಅವರೂ ಅವತ್ತ ಇದನ್ನ ಹೇಳಿದ್ರು."

ಭಜನೆಯವರೂ ಕಿವಿಗೊಟ್ಟು ಕುಳಿತರು. ನಿರ್ಮಲಾ ದನಿ ತಗ್ಗಿಸಲಿಲ್ಲ.

"ನೀ ಆಣಿ ಹಾಕಿದ ಮ್ಯಾಲ ನಿಮ್ಮಣ್ಣ ರಿಮೋಟ್ ಮುಟ್ಟಲಿಲ್ಲೋ. 'ನಾ ಒತ್ತಿದ್ರ ಅವಂದು ಕೆಡತೈತಿ' ಅಂದ್ರು. ನೀ ಹಚ್ಚಿದ್ರ ನಮ್ಮದೂ ಹತ್ತತಿತ್ತು, ನೀ ಆರಿಸಿದ್ರ ಆರತಿತ್ತು. ಕುಸ್ತಿ ಬಿಟ್ಟು ನಿನ್ನ ಸುದ್ದಿ, ನಿನ್ನ ಕ್ರಿಕೆಟ್ ನೋಡಕೋಂತ ಕುಂಡ್ರತಿದ್ರು. ನನಗ ಒಂದು ಧಾರಾವಾಹಿ ಸುದ್ದಾ ಇಲ್ಲ. ಜಗಳಾ ತಗದ್ರ, 'ತಮ್ಮ ಹಚ್ಯಾನ, ನೋಡೂಣು' ಅಂತಿದ್ರು. ನೀ ಆರಿಸಿದಾಗ, 'ಅಂವ ಮಲಗಿದ, ನಡಿ ನಾವೂ ಮಲಗೂಣು' ಅಂತಿದ್ರು."

"ಇದನ್ನ ಒಮ್ಮೆರ ನನಗ ಹೇಳಬಾರದಿತ್ತಾ?"

"ಕೇಳಾಕ ನೀ ಎಂದರ ಬಂದೀ ಏನು?"

ಮಾಲತೇಶ ರಿಮೋಟು ಕೆಳಗಿಟ್ಟು ಎದ್ದ. ರಹಿಮಾನಸಾಬ ಬಾಗಿಲಲ್ಲಿ ನಿಂತವರನ್ನು ಸರಿಸತೊಡಗಿದ: "ದಾರಿ ಬಿಡ್ರಿ, ತಮ್ಮ ಬರ್ತಾನ." ಆದರೆ ಮಾಲತೇಶ ಬಾಗಿಲ ಕಡೆ ಹೋಗಲೇ ಇಲ್ಲ. ಸ್ಟೂಲು ಹತ್ತಿ ಗೋಡೆಯ ಮೇಲೆ ಒಂದು ಕಾಲು ಹಾಕಿದ. ಧೋತರ ಸಿಕ್ಕಿಕೊಂಡಿತು. ಅರವತ್ತು ದಾಟಿದ ಮನುಷ್ಯ ಆ ಮನೆಗೊಂದು ಈ ಮನೆಗೊಂದು ಕಾಲು ಬಿಟ್ಟು ಏದುಸಿರು ಬಿಡುತ್ತ ಕುಳಿತ.

"ಬಿದ್ದಗಿದ್ದೀಯೋ ಹುಚ್ಚಪ್ಪಾ! ಬಾಗಲಾ ಇಲ್ಲೇನು?" ಚೌಡವ್ವ ಕೂಗಿದಳು.

"ಹೊಸ್ತಿಲಾ ತುಳ್ಯಾಂಗಿಲ್ಲ ಅಂದೇನಿ ಚಿಗವ್ವ. ಗ್ವಾಡಿ ಹತ್ತಾಂಗಿಲ್ಲ ಅಂದಿಲ್ಲ."

ಸಾವಿನ ಮನೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಿರ್ಮಲಾಳೇ ನಕ್ಕಳು, ನಗುತ್ತಲೇ ಅತ್ತಳು. ಬೆಳಗಿನಿಂದ ಬಾರದ ಕಣ್ಣೀರು ಆಗ ಬಂತು. ರಹಿಮಾನಸಾಬ ಗೋಡೆಗೆ ಬೆನ್ನು ಕೊಟ್ಟು ಬಗ್ಗಿದ, ಚೀಲ ಹೊತ್ತು ಗಟ್ಟಿಯಾದ ಆ ಹೆಗಲ ಮೇಲೆ ಕಾಲಿಟ್ಟು ಮಾಲತೇಶ ಇಳಿದ. ಅಣ್ಣನ ಮುಂದೆ ಕುಳಿತು ಅವನ ಎರಡೂ ಪಾದ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

ಹೂವಿನ ವಿಮಾನದಲ್ಲಿ ಸೋಮಪ್ಪನನ್ನು ಕೂರಿಸಿ ಎತ್ತಿದಾಗ ಮುಂದಿನ ಬಲಗಡೆಯ ಹೆಗಲು ಮಾಲತೇಶನದು. ಬಾಗಿಲ ಹತ್ತಿರ ಅವನು ನಿಂತ. ಹಲಗೆ ಬಾರಿಸುವವರೂ ಕೈ ತಡೆದರು.

"ದಾಟಿ ಹೋಗೋ, ತುಳೀಬ್ಯಾಡ. ಆಣಿ ಐತಿ," ಎಂದು ಚೌಡವ್ವ ಹಿಂದಿನಿಂದ ಪಿಸುಗುಟ್ಟಿದಳು.

ಮಾಲತೇಶ ಬಗ್ಗಿ ನೋಡಿದ. ಅಣ್ಣನ ಭಾರವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಬಲಗಾಲು ಎತ್ತಿದ. ಅವರೆಲ್ಲ ಹೊರಗೆ ಹೋದ ಮೇಲೆ ನಿರ್ಮಲಾ ನೋಡಿದಳು. ಹೊಸ್ತಿಲ ನಟ್ಟನಡುವೆ, ಉದುರಿದ ಗುಲಾಲಿನಲ್ಲಿ, ಒಂದು ಬರಿಗಾಲಿನ ಐದೂ ಬೆರಳು ಒತ್ತಿ ಮೂಡಿದ್ದವು.